ಹಿತ್ತಲಿನ ಕೋಣೆಗೆ ಯಾರ ಅನುಮತಿ? – ‘ಸ್ಥಳೀಯ ಸರ್ಕಾರಗಳು’ ಘಟಕದ ಬೋಧನಾ ಅನುಭವ

ತರಗತಿ: 8. ವಿಷಯ: ಸಮಾಜ ವಿಜ್ಞಾನ, ರಾಜ್ಯಶಾಸ್ತ್ರ ಭಾಗ. ಘಟಕ: ಸ್ಥಳೀಯ ಸರ್ಕಾರಗಳು. ಯೋಜಿಸಿದ ಅವಧಿ: ಮೂರು. ನಿಜವಾಗಿ ಬೇಕಾದದ್ದು: ಐದು.

2025ರ ಜನವರಿಯಿಂದ ಮಾರ್ಚ್‌ವರೆಗೆ ಮಂಡ್ಯ ನಗರದ ಒಂದು ಪ್ರೌಢಶಾಲೆಯಲ್ಲಿ ನನ್ನ ಶಾಲಾ ಇಂಟರ್ನ್‌ಶಿಪ್ ನಡೆಯಿತು. ‘ಸ್ಥಳೀಯ ಸರ್ಕಾರಗಳು’ ಘಟಕ ನನ್ನ ಪಾಲಿಗೆ ಬಂದಾಗ ಸ್ವಲ್ಪ ಬೇಸರವೇ ಆಯಿತು. ಈ ಘಟಕವನ್ನು ನಾವೆಲ್ಲ ಹೇಗೆ ಬೋಧಿಸುತ್ತೇವೆಂದು ಸಹಪ್ರಶಿಕ್ಷಣಾರ್ಥಿಗಳಿಗೆ ಗೊತ್ತಿದೆ. ಒಂದು ಚಾರ್ಟು, ಅದರಲ್ಲಿ ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ. ಮತ್ತೊಂದು ಕಡೆ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ. ಕೆಳಗೆ ಕಾರ್ಯಗಳ ಪಟ್ಟಿ: ಬೀದಿ ದೀಪ, ಚರಂಡಿ, ಕುಡಿಯುವ ನೀರು, ಜನನ ಮರಣ ನೋಂದಣಿ, ಕಟ್ಟಡಗಳಿಗೆ ಪರವಾನಗಿ. ಮಕ್ಕಳು ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ‘ಯಾವುದಾದರೂ ನಾಲ್ಕು ಕಾರ್ಯ ಬರೆಯಿರಿ’ ಎಂದರೆ ಮೊದಲ ನಾಲ್ಕನ್ನು ಬರೆಯುತ್ತಾರೆ. ಪಟ್ಟಿಯಲ್ಲಿ ಕೊನೆಗೆ ಬರುವ ‘ಕಟ್ಟಡ ಪರವಾನಗಿ’ಯನ್ನು ಯಾರೂ ಬರೆಯುವುದಿಲ್ಲ.

ಆದರೆ ಮಗುವಿನ ಮನೆಯ ಗೋಡೆಯವರೆಗೆ ಬಂದು ನಿಲ್ಲುವ ಕಾರ್ಯ ಅದೇ. ಹಾಗಾಗಿ ಅದೊಂದನ್ನೇ ಹಿಡಿದು ಇಡೀ ಘಟಕವನ್ನು ಮಾಡೋಣ ಎಂದುಕೊಂಡೆ. ಐದು ಹಂತದ ರಚನಾವಾದಿ ಪಾಠ ಯೋಜನೆ ಬರೆದು ಮಾರ್ಗದರ್ಶಿ ಶಿಕ್ಷಕಿಯವರಿಗೆ ತೋರಿಸಿದೆ. ಅವರು ‘ಚೆನ್ನಾಗಿದೆ, ತೊಡಗಿಸುವ ಹಂತದ ಪ್ರಶ್ನೆ ಇನ್ನೊಂದು ಸಲ ನೋಡ್ಕೊಳ್ಳಮ್ಮ’ ಎಂದಷ್ಟೇ ಹೇಳಿದರು. ನಾನು ನೋಡಿಕೊಳ್ಳಲಿಲ್ಲ.

ಮೊದಲನೇ ತರಗತಿ, ಮೊದಲನೇ ತಪ್ಪು

ನನ್ನ ಪ್ರಶ್ನೆ ಹೀಗಿತ್ತು: ‘ನಿಮ್ಮ ಮನೆಯ ಹಿತ್ತಲಲ್ಲೋ ತಾರಸಿ ಮೇಲೋ ಆಮೇಲೆ ಕಟ್ಟಿದ ಕೋಣೆ ಯಾರ ಮನೇಲಿದೆ? ಕೈಯೆತ್ತಿ.’

ನಲವತ್ತೆರಡು ಮಕ್ಕಳಲ್ಲಿ ಹದಿನೇಳು ಕೈ ಎದ್ದವು. ಮಂಡ್ಯದಲ್ಲಿ ಇದು ಆಶ್ಚರ್ಯವಲ್ಲ. ಈ ಊರು 1939ರಲ್ಲಿ ಜಿಲ್ಲಾ ಕೇಂದ್ರವಾದದ್ದು. ಅದಕ್ಕೂ ಮೊದಲು ವಿಶ್ವೇಶ್ವರಯ್ಯ ನಾಲೆಯ ನೀರು ಬಂದು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದು ಬೆಳೆದದ್ದು. 1962ರಲ್ಲಿ ಇಂಜಿನಿಯರಿಂಗ್ ಕಾಲೇಜು, ಆಮೇಲೆ ವೈದ್ಯಕೀಯ ಕಾಲೇಜು. ಓದುವ ಹುಡುಗರಿಗೆ, ವರ್ಗವಾಗಿ ಬಂದ ನೌಕರರಿಗೆ ಒಂಟಿ ಕೋಣೆ ಬೇಕು. ಮನೆಯವರಿಗೆ ತಿಂಗಳಿಗೊಂದಿಷ್ಟು ಬಾಡಿಗೆ ಬೇಕು. ನಮ್ಮ ಕಡೆ ಇದಕ್ಕೆ ಔಟ್‌ಹೌಸ್ ಎನ್ನುತ್ತಾರೆ, ಹಿತ್ತಲ ಮನೆ ಎನ್ನುತ್ತಾರೆ, ಬರೀ ‘ಮ್ಯಾಲಿನ ರೂಮು’ ಎಂದೂ ಎನ್ನುತ್ತಾರೆ. ಮಗನ ಮದುವೆಯಾದರೆ ಒಂದು ಕೋಣೆ, ಅಜ್ಜಿಗೆ ಮೆಟ್ಟಿಲು ಹತ್ತಲಾಗದಿದ್ದರೆ ಹಿಂದೊಂದು ಕೋಣೆ.

ಎರಡನೇ ಪ್ರಶ್ನೆಯೇ ನನ್ನ ತಪ್ಪು. ‘ಆ ಕೋಣೆ ಕಟ್ಟುವಾಗ ಅನುಮತಿ ತಗೊಂಡಿದ್ರಾ?’ ಎಂದು ಕೇಳಿದೆ. ಎದ್ದಿದ್ದ ಕೈಗಳು ಮೆಲ್ಲಗೆ ಇಳಿದವು. ಹಿಂದಿನ ಬೆಂಚಿನಿಂದ ಒಬ್ಬ, ‘ಮೇಡಮ್, ಇವರ ಮನೆಗೆ ನೋಟಿಸ್ ಬಂದದೆ. ಒಡೀತಾರಂತೆ’ ಎಂದು ಪಕ್ಕದವನನ್ನು ತೋರಿಸಿದ. ಕೆಲವರು ನಕ್ಕರು. ತೋರಿಸಿಕೊಂಡ ಹುಡುಗ ಪುಸ್ತಕದೊಳಗೆ ಮುಖ ಇಟ್ಟುಕೊಂಡು ಕೂತ. ನಾನು ಗಡಿಬಿಡಿಯಲ್ಲಿ ‘ಸರಿ, ಸರಿ, ಪಾಠಕ್ಕೆ ಬರೋಣ’ ಎಂದು ಚಾರ್ಟು ಬಿಚ್ಚಿದೆ. ಉಳಿದ ಮೂವತ್ತು ನಿಮಿಷ ನಾನು ಏನು ಹೇಳಿದೆನೋ ನನಗೇ ನೆನಪಿಲ್ಲ. ಮಾರನೇ ದಿನ ಆ ಹುಡುಗ ಶಾಲೆಗೆ ಬರಲಿಲ್ಲ. ಅದರ ಮಾರನೇ ದಿನವೂ.

ಮಾರ್ಗದರ್ಶಿ ಶಿಕ್ಷಕಿಯವರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ಮಕ್ಕಳ ಮನೆಯನ್ನು ತರಗತಿಯಲ್ಲಿ ಸಾಕ್ಷಿಗೆ ಕರೆಯಬೇಡಿ. ಅವರು ಬೈದಿದ್ದರೆ ಕಡಿಮೆ ನೋವಾಗುತ್ತಿತ್ತು.

ನನಗೆ ಇದು ತಿಳಿಯದ ವಿಷಯವೇನಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ನಮ್ಮ ಮನೆ ಮಳವಳ್ಳಿಯ ಅಂಚಿನಲ್ಲಿದೆ. ಅಣ್ಣನ ಮದುವೆಗೆ ಮುಂಚೆ ಅಪ್ಪ ಹಿತ್ತಲಲ್ಲಿ ಒಂದು ಕೋಣೆ, ಅದರ ಪಕ್ಕ ಒಂದು ಬಚ್ಚಲು ಕಟ್ಟಿಸಿದರು. ನಕ್ಷೆ ಇಲ್ಲ, ಅರ್ಜಿ ಇಲ್ಲ. ಗಾರೆಯವರು ದಾರ ಎಳೆದು ಗೂಟ ಹೊಡೆದಿದ್ದೇ ನಕ್ಷೆ. ಮೂರು ವರ್ಷ ಕಳೆದ ಮೇಲೆ ಮೇಲಂತಸ್ತಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಮಂಜೂರಾದ ನಕ್ಷೆ ಕೇಳಿದರು. ಆವತ್ತು ಅಪ್ಪ ಮನೆಗೆ ಬಂದು, ಊಟ ಮಾಡದೆ, ಆ ಕೋಣೆಯ ಮುಂದೆ ಕೂತಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಮನೆಯನ್ನು ಯಾರಾದರೂ ಹೀಗೆ ತರಗತಿಯಲ್ಲಿ ಎತ್ತಿ ಆಡಿದ್ದರೆ ನಾನೂ ಮಾರನೇ ದಿನ ಶಾಲೆಗೆ ಹೋಗುತ್ತಿರಲಿಲ್ಲ.

ಮೈದಾನದಲ್ಲಿ ಒಂದು ನಿವೇಶನ

ಎರಡನೇ ತರಗತಿಯ ಯೋಜನೆಯನ್ನು ಪೂರ್ತಿ ಹರಿದು ಹಾಕಿ ಹೊಸದಾಗಿ ಬರೆದೆ. ಯಾರ ಮನೆಯೂ ಬೇಡ, ಯಾರದ್ದೂ ಅಲ್ಲದ ಒಂದು ಮನೆ ಸಾಕು. ಸುಣ್ಣದ ಪುಡಿ, ಟೇಪು, ಸೆಣಬಿನ ದಾರ ತಗೊಂಡು ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ಮೂವತ್ತಕ್ಕೆ ನಲವತ್ತು ಅಡಿಯ ಒಂದು ನಿವೇಶನ ಎಳೆದೆವು. ಆ ಅಳತೆ ಯಾವ ಮಗುವಿಗೂ ಹೊಸದಲ್ಲ. ‘ತರ್ಟಿ ಫಾರ್ಟಿ’ ಎಂಬುದು ನಮ್ಮ ಊರುಗಳಲ್ಲಿ ಕನ್ನಡ ಪದವೇ ಆಗಿಬಿಟ್ಟಿದೆ.

ಅಂದು ಆ ಹುಡುಗ ಬಂದಿದ್ದ. ಅವನಿಗೆ ನಾನು ಏನೂ ಹೇಳಲಿಲ್ಲ, ಟೇಪಿನ ಒಂದು ತುದಿ ಕೈಗೆ ಕೊಟ್ಟೆ. ಮೂಲೆ ಸರಿಯಾಗಿ ತೊಂಬತ್ತು ಡಿಗ್ರಿ ಬರಲಿಲ್ಲ. ಅವನು ದಾರದಲ್ಲಿ ಮೂರು ಅಡಿ, ನಾಲ್ಕು ಅಡಿ ಗುರುತು ಮಾಡಿ, ಅಡ್ಡ ಅಳತೆ ಐದು ಬರುವವರೆಗೆ ಎಳೆದು ‘ಈಗ ಮೂಲೆಮಟ್ಟ ಬಂತು’ ಎಂದ. ಅವರಪ್ಪ ಗಾರೆ ಕೆಲಸದವರು. ಗಣಿತದ ಮೇಷ್ಟ್ರು ಪೈಥಾಗೊರಸ್ ಪ್ರಮೇಯವನ್ನು ಇನ್ನೂ ಹೇಳಿಕೊಟ್ಟಿರಲಿಲ್ಲ.

ನಿವೇಶನದೊಳಗೆ ಒಂದು ಹಳೇ ಮನೆ ಬರೆದೆವು. ಮುಂದೆ 5 ಅಡಿ, ಎರಡೂ ಪಕ್ಕ 3 ಅಡಿ, ಹಿಂದೆ 4 ಅಡಿ ಖಾಲಿ ಬಿಡಬೇಕೆಂದು ನಮ್ಮ ತರಗತಿಗೆ ನಾವೇ ನಿಯಮ ಮಾಡಿಕೊಂಡೆವು. ಇದು ಪಾಠಕ್ಕಾಗಿ ಇಟ್ಟುಕೊಂಡ ಲೆಕ್ಕ. ನಿಜವಾದ ಅಳತೆಯು ನಿವೇಶನದ ಗಾತ್ರ, ರಸ್ತೆಯ ಅಗಲ, ಆ ಊರಿನ ವಲಯ ನಿಯಮಾವಳಿ ನೋಡಿ ಬದಲಾಗುತ್ತದೆ ಎಂದು ಮಕ್ಕಳಿಗೆ ಮೊದಲೇ ಹೇಳಿದೆ. ಹೀಗೆ ಬಿಡುವ ಜಾಗಕ್ಕೆ ಸೆಟ್‌ಬ್ಯಾಕ್ ಎನ್ನುತ್ತಾರೆ. ಹಳೇ ಮನೆ 24 ಅಡಿ ಅಗಲ, 20 ಅಡಿ ಉದ್ದ. ಮುಂದಿನ 5 ಅಡಿ ಕಳೆದರೆ ಹಿಂದೆ 15 ಅಡಿಯ ಹಿತ್ತಲು ಉಳಿಯುತ್ತದೆ.

‘ಈ ಹಿತ್ತಲಲ್ಲಿ ಹತ್ತಕ್ಕೆ ಹತ್ತರ ಒಂದು ಕೋಣೆ ಬೇಕು. ಎಲ್ಲಿ ಹಾಕ್ತೀರಿ?’ ಎಂದೆ. ಐದೂ ಗುಂಪಿನವರು ಒಂದೇ ಉತ್ತರ ಕೊಟ್ಟರು: ಹಿಂದಿನ ಮೂಲೆಗೆ, ಕಾಂಪೌಂಡ್ ಗೋಡೆಗೆ ಅಂಟಿಸಿ. ಯಾಕೆ ಎಂದರೆ ಕಾರಣಗಳೂ ಸಿದ್ಧ. ಕಾಂಪೌಂಡೇ ಎರಡು ಗೋಡೆಯಾಗುತ್ತದೆ, ಖರ್ಚು ಉಳಿಯುತ್ತದೆ. ಮಧ್ಯೆ ಬಟ್ಟೆ ಒಗೆಯುವ ಕಲ್ಲಿಗೆ, ತುಳಸಿ ಕಟ್ಟೆಗೆ ಜಾಗ ಉಳಿಯುತ್ತದೆ. ಅಡುಗೆಮನೆ ಕಿಟಕಿಗೆ ಅಡ್ಡ ಬರುವುದಿಲ್ಲ. ನಮ್ಮ ಅಪ್ಪನೂ ಇದನ್ನೇ ಯೋಚಿಸಿದ್ದರು. ಈ ಯೋಚನೆಯಲ್ಲಿ ದಡ್ಡತನವೇನೂ ಇಲ್ಲ ಎಂಬುದನ್ನು ಶಿಕ್ಷಕರಾದ ನಾವು ಮೊದಲು ಒಪ್ಪಿಕೊಳ್ಳಬೇಕು.

ಆಮೇಲೆ ನೆಲದ ಮೇಲೆ ಒಂದೊಂದು ಅಡಿಯ ಚೌಕ ಎಳೆಸಿದೆ. ಕೋಣೆಯ ನೂರು ಚೌಕದಲ್ಲಿ ಎಷ್ಟು ಚೌಕ ಖಾಲಿ ಬಿಡಬೇಕಾದ ಪಟ್ಟಿಯೊಳಗೆ ಬಿದ್ದಿವೆ, ಎಣಿಸಿ ಎಂದೆ. ಹಿಂದಿನ 4 ಅಡಿ ಕಳೆದರೆ ಉದ್ದದಲ್ಲಿ 6 ಉಳಿಯಿತು, ಪಕ್ಕದ 3 ಅಡಿ ಕಳೆದರೆ ಅಗಲದಲ್ಲಿ 7. ಆರೇಳ್ಲಿ ನಲವತ್ತೆರಡು. ಅಂದರೆ 58 ಚೌಕ ಸೆಟ್‌ಬ್ಯಾಕ್‌ನಲ್ಲಿದೆ, ಅರ್ಧಕ್ಕಿಂತ ಹೆಚ್ಚು. ಅದೇ ಕೋಣೆಯನ್ನು ಹಿಂದಿನಿಂದ ನಾಲ್ಕಡಿ ಮುಂದಕ್ಕೆ, ಪಕ್ಕದಿಂದ ಮೂರಡಿ ಒಳಕ್ಕೆ ಸರಿಸಿದರೆ ನಮ್ಮ ನಿಯಮ ಒಂದೂ ಮುರಿಯುವುದಿಲ್ಲ. ಆದರೆ ಹಳೇ ಮನೆಗೂ ಕೋಣೆಗೂ ಮಧ್ಯೆ ಒಂದೇ ಅಡಿ ಉಳಿಯುತ್ತದೆ. ಅಲ್ಲಿ ನಾಯಿಯೂ ತಿರುಗಲಾರದು. ಅದಕ್ಕಿಂತ ಮನೆಗೇ ಜೋಡಿಸಿ ಕಟ್ಟುವುದು ವಾಸಿ ಎಂದು ಒಂದು ಗುಂಪು ತೀರ್ಮಾನಿಸಿತು. ಆಗ ಅಡುಗೆಮನೆಯ ಕಿಟಕಿ ಮುಚ್ಚುತ್ತದೆ ಎಂದು ಇನ್ನೊಂದು ಗುಂಪು ಜಗಳಕ್ಕೆ ಬಂತು. ನಾನು ಸುಮ್ಮನೆ ನಿಂತು ಕೇಳಿದೆ. ನನ್ನ ಇಂಟರ್ನ್‌ಶಿಪ್‌ನಲ್ಲಿ ಅತ್ಯಂತ ಒಳ್ಳೆಯ ಹತ್ತು ನಿಮಿಷಗಳೆಂದರೆ ಅವೇ.

ಮುಂದಿನ ಲೆಕ್ಕ ತರಗತಿಯ ಒಳಗೆ ಮಾಡಿದೆವು. ನಿವೇಶನದ ವಿಸ್ತೀರ್ಣಕ್ಕೆ ಎಲ್ಲ ಅಂತಸ್ತು ಸೇರಿ ಎಷ್ಟು ಕಟ್ಟಬಹುದು ಎನ್ನುವುದು ನೆಲ ವಿಸ್ತೀರ್ಣ ಅನುಪಾತ. ಪಾಠಕ್ಕಾಗಿ ಅದನ್ನು 1.5 ಎಂದು ಇಟ್ಟುಕೊಂಡೆವು. 1200 ಚದರ ಅಡಿಗೆ 1800 ಚದರ ಅಡಿ ಕಟ್ಟಬಹುದು. ಹಳೇ ಮನೆ 480, ಕೋಣೆ 100, ಒಟ್ಟು 580. ಮಕ್ಕಳಿಗೆ ಆಶ್ಚರ್ಯ: ಇನ್ನೂ 1220 ಚದರ ಅಡಿ ಬಾಕಿ ಇದ್ದರೂ ಈ ನೂರು ಅಡಿ ಹೇಗೆ ತಪ್ಪಾಯಿತು? ಎಷ್ಟು ಕಟ್ಟಿದೆವು ಎಂಬುದೂ ಎಲ್ಲಿ ಕಟ್ಟಿದೆವು ಎಂಬುದೂ ಬೇರೆ ಬೇರೆ ಪ್ರಶ್ನೆ ಎಂದು ನಾನು ಹೇಳಬೇಕಾಗಲಿಲ್ಲ. ‘ಮ್ಯಾಲೆ ಕಟ್ಟಿದ್ರೆ ಸರಿಹೋಗದು ಮೇಡಮ್’ ಎಂದವನು ಅದೇ ಹುಡುಗ.

ಕಿಟಕಿ ಯಾಕೆ ಸರ್ಕಾರದ ವಿಷಯ?

‘ನಮ್ ಜಾಗ, ನಮ್ ದುಡ್ಡು, ಅವರ್ಯಾರು ಕೇಳೋಕೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬರದಿದ್ದರೆ ಶಿಕ್ಷಕರೇ ಕೇಳಬೇಕು. ಇದಕ್ಕೆ ಕಾನೂನಿನ ಕಲಂ ಹೇಳಿ ಉತ್ತರಿಸಿದರೆ ಪಾಠ ಸತ್ತಂತೆ.

ನಾನು ಪ್ಲೇಗಿನ ಕಥೆಯಿಂದ ಶುರು ಮಾಡಿದೆ. 1898ರಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಪ್ಲೇಗು ಹಬ್ಬಿದಾಗ ಒತ್ತೊತ್ತಾದ, ಗಾಳಿಬೆಳಕಿಲ್ಲದ ಕೇರಿಗಳೇ ಹೆಚ್ಚು ನರಳಿದವು. ಅದಾದ ಮೇಲೆ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲ ರಸ್ತೆಗಳೊಡನೆ ಬೆಳೆದವು. 1903ರಲ್ಲಿ ಮೈಸೂರಿಗೆ ನಗರ ಸುಧಾರಣಾ ಮಂಡಳಿ ಬಂತು. ನನ್ನ ಮನೆಯ ಗೋಡೆ ಪಕ್ಕದ ಮನೆಯ ಕಿಟಕಿಯನ್ನು ಮುಚ್ಚಿದರೆ ಕತ್ತಲಾಗುವುದು ಅವರಿಗೆ. ಬೆಂಕಿ ಬಿದ್ದರೆ ಇಂಜಿನ್ನು ನುಗ್ಗಲು ಜಾಗ ಬೇಕು. ಮಳೆ ನೀರು ಇಂಗಲು ಮಣ್ಣು ಬೇಕು. ಕೊರೊನಾ ಕಾಲದಲ್ಲಿ ಒಂದೇ ಕೋಣೆಯಲ್ಲಿ ಐದು ಜನ ಇದ್ದ ಮನೆಗಳ ಮಕ್ಕಳು ಇದನ್ನು ನನಗಿಂತ ಚೆನ್ನಾಗಿ ವಿವರಿಸಿದರು.

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಕೋಣೆಗೆ ಕನಿಷ್ಠ ಅಳತೆ ಹೇಳುತ್ತದೆ. ಇದು ಮಾದರಿ, ಊರಿನ ಉಪವಿಧಿಯೇ ಅನ್ವಯಿಸುವುದು. ಆದರೂ ತರಗತಿಗೆ ಇದು ಬಂಗಾರದಂಥ ಸಾಮಗ್ರಿ. ಮನೆಯಲ್ಲಿ ವಾಸದ ಕೋಣೆ ಒಂದೇ ಇದ್ದರೆ ಅದು 9.5 ಚದರ ಮೀಟರಿಗೆ ಕಡಿಮೆ ಇರಬಾರದು, ಅಗಲ 2.4 ಮೀಟರಾದರೂ ಇರಬೇಕು. ಎರಡು ಕೋಣೆ ಇದ್ದರೆ ಎರಡನೆಯದು 7.5 ಚದರ ಮೀಟರ್ ಆದರೂ ಸಾಕು. ಎತ್ತರ 2.75 ಮೀಟರ್, ಅಂದರೆ ಸುಮಾರು ಒಂಬತ್ತು ಅಡಿ. ಅಡುಗೆಮನೆ 5 ಚದರ ಮೀಟರ್. ಬಚ್ಚಲು, ಶೌಚಾಲಯ ಒಟ್ಟಿಗಿದ್ದರೆ 2.8. ಕಿಟಕಿ ಬಾಗಿಲಿನ ತೆರಪು ಒಣ ಬಿಸಿಲಿನ ಪ್ರದೇಶದಲ್ಲಿ ನೆಲದ ಹತ್ತನೇ ಒಂದು ಪಾಲು, ತೇವದ ಬಿಸಿ ಪ್ರದೇಶದಲ್ಲಿ ಆರನೇ ಒಂದು ಪಾಲು.

ನಮ್ಮ ಹತ್ತಕ್ಕೆ ಹತ್ತರ ಕೋಣೆಯನ್ನು ಮೀಟರಿಗೆ ತಿರುಗಿಸಲು ಹೇಳಿದೆ. 100 ಚದರ ಅಡಿ ಎಂದರೆ 9.29 ಚದರ ಮೀಟರ್. ಒಂದು ಹುಡುಗಿ ಬೋರ್ಡಿನ ಹತ್ತಿರ ಬಂದು ಎರಡು ಸಲ ಗುಣಿಸಿ ನೋಡಿದಳು. ಮಗಳ ಓದುವ ಕೋಣೆಯಾದರೆ ಅದು ಧಾರಾಳ. ಅದನ್ನೇ ಬೇರೆ ಸಂಸಾರಕ್ಕೆ ಬಾಡಿಗೆಗೆ ಕೊಟ್ಟರೆ ಸುಮಾರು ಎರಡು ಚದರ ಅಡಿ ಕಡಿಮೆ! ಗೋಡೆ ಅದೇ, ಕೋಣೆ ಅದೇ. ಅದು ಮನೆಯ ಭಾಗವೋ, ತಾನೇ ಒಂದು ಮನೆಯೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಒಬ್ಬ ಮನುಷ್ಯನಿಗೆ ಇರಲು ಏನೇನು ಬೇಕು ಎಂದು ಕೂಡಿಸಿದರೆ ಕೋಣೆ, ಅಡುಗೆ, ಬಚ್ಚಲು ಸೇರಿ 17.3 ಚದರ ಮೀಟರ್, ಸುಮಾರು 186 ಚದರ ಅಡಿ ಆಯಿತು. ‘ನಮ್ಮ ಬಾಡಿಗೆ ಮನೆ ಇದಕ್ಕಿಂತ ಚಿಕ್ಕದು’ ಎಂದು ಇಬ್ಬರು ತಾವಾಗಿಯೇ ಹೇಳಿದರು. ಈ ಸಲ ಯಾರೂ ನಗಲಿಲ್ಲ.

ಯಾರ ಬಾಗಿಲು ತಟ್ಟಬೇಕು

ಪಠ್ಯದ ಮುಖ್ಯ ಕಲಿಕಾಂಶ ಇರುವುದು ಇಲ್ಲಿ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದು ಸೇರಿಸಿದ ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯಗಳಿವೆ; ಮೊದಲನೆಯದು ನಗರ ಯೋಜನೆ, ಎರಡನೆಯದು ಭೂ ಬಳಕೆ ಮತ್ತು ಕಟ್ಟಡ ನಿರ್ಮಾಣದ ನಿಯಂತ್ರಣ. ನಮ್ಮ ಚಾರ್ಟಿನಲ್ಲಿ ಕೊನೆಗೆ ಬರುವ ಕೆಲಸ ಸಂವಿಧಾನದಲ್ಲಿ ಎರಡನೇ ಸಾಲಿನಲ್ಲಿದೆ ಎಂದು ತೋರಿಸಿದಾಗ ಮಕ್ಕಳು ಪುಸ್ತಕದಲ್ಲಿ ಅಡಿಗೆರೆ ಎಳೆದುಕೊಂಡರು.

ಮಂಡ್ಯದಲ್ಲಿ ನಗರಸಭೆ, ಆಗ ಮದ್ದೂರು ಮತ್ತು ಮಳವಳ್ಳಿಗಳಲ್ಲಿ ಪುರಸಭೆ. ಎಲ್ಲವೂ ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಂತೆ. ಹೊಸ ಮನೆಗೆ ಮಾತ್ರವಲ್ಲ, ಇರುವ ಮನೆಗೆ ಏನನ್ನಾದರೂ ಸೇರಿಸುವುದಕ್ಕೂ ಅದರ 187ನೇ ಕಲಂನಡಿ ಅನುಮತಿ ಬೇಕು. ಔಟ್‌ಹೌಸ್‌ಗೆ ಎಂದೇ ಬೇರೆ ಅರ್ಜಿ, ಬೇರೆ ದಾರಿ ಇಲ್ಲ. ನಗರ ಹೇಗೆ ಬೆಳೆಯಬೇಕು, ಯಾವ ಜಾಗ ವಾಸಕ್ಕೆ, ಯಾವುದು ವ್ಯಾಪಾರಕ್ಕೆ ಎಂಬ ಬಣ್ಣದ ನಕ್ಷೆ ಮಾಡುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ. ಮಂಡ್ಯದಲ್ಲಿ ಅದಕ್ಕೆ ನಗರಾಭಿವೃದ್ಧಿ ಪ್ರಾಧಿಕಾರವಿದೆ. ಆ ನಕ್ಷೆಯಲ್ಲಿ ಹಳದಿ ವಾಸದ ವಲಯ. ಅರ್ಜಿಯ ಜೊತೆ ಹಕ್ಕುಪತ್ರ, ಖಾತೆ, ತೆರಿಗೆ ರಸೀದಿ, ಪರವಾನಗಿ ಇರುವ ಇಂಜಿನಿಯರು ಬರೆದ ನಕ್ಷೆ, ಶುಲ್ಕ. ಈಗ ಆನ್‌ಲೈನಿನಲ್ಲಿ ಸಲ್ಲಿಸಬೇಕು.

ಇಲ್ಲಿ ಮಕ್ಕಳಲ್ಲಿ (ಮತ್ತು ನನ್ನಪ್ಪನಲ್ಲಿ) ಇದ್ದ ಗಟ್ಟಿ ತಪ್ಪುಕಲ್ಪನೆ ಒಂದಿದೆ: ಖಾತೆ ಆಗಿದೆ, ಕಂದಾಯ ಕಟ್ಟುತ್ತಿದ್ದೇವೆ, ಆದ್ದರಿಂದ ಕಟ್ಟಡ ಸಕ್ರಮ. ಖಾತೆ ತೆರಿಗೆಯ ಲೆಕ್ಕಕ್ಕೆ, ಅನುಮತಿ ಕಟ್ಟಡಕ್ಕೆ. ನಮ್ಮ ಪಾಠ ನಡೆಯುವಾಗಲೇ, ಫೆಬ್ರವರಿಯಲ್ಲಿ, ಬೆಂಗಳೂರಿನ ಹೊರಗಿನ ಪಟ್ಟಣಗಳಲ್ಲೂ ಬಿ-ಖಾತೆ ಕೊಡುವ ಅಭಿಯಾನ ಶುರುವಾಗಿತ್ತು. ಮಕ್ಕಳು ಮನೆಯಲ್ಲಿ ಕೇಳಿದ ಮಾತನ್ನು ತರಗತಿಗೆ ತಂದರು: ‘ಬಿ-ಖಾತೆ ಬಂದ್ರೆ ಎಲ್ಲಾ ಸರಿಹೋಯ್ತದಂತೆ.’ ಹಾಗಲ್ಲ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ, ಆದರೂ ಹೇಳಿದೆ.

ಅಕ್ರಮ-ಸಕ್ರಮದ ಮಾತೂ ಬಂತು. ಯೋಜನೆಯ ಪ್ರಕಾರ 2013ರ ಅಕ್ಟೋಬರ್ 19ಕ್ಕಿಂತ ಮುಂಚೆ ಕಟ್ಟಿದ ವಾಸದ ಮನೆಗಳಲ್ಲಿ ಶೇ 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಒಪ್ಪಬಹುದಿತ್ತು. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಮಕ್ಕಳೇ ಲೆಕ್ಕ ಹಾಕಿದರು: ಮೂಲೆಗೆ ಅಂಟಿಸಿದ ಕೋಣೆ ಹಿಂದಿನ ನಾಲ್ಕೂ ಅಡಿಯನ್ನು ತಿಂದಿದೆ, ಅಂದರೆ ಆ ಜಾಗದಲ್ಲಿ ನೂರಕ್ಕೆ ನೂರು ಉಲ್ಲಂಘನೆ. ತಡೆ ಇಲ್ಲದಿದ್ದರೂ ಅದು ಪಾರಾಗುತ್ತಿರಲಿಲ್ಲ. ಇನ್ನು 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪು: ಪೂರ್ಣಗೊಂಡ ಅಥವಾ ವಾಸಯೋಗ್ಯ ಪ್ರಮಾಣಪತ್ರ ನೋಡದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಎಂದಿತು. ಗೃಹಜ್ಯೋತಿಯ ಉಚಿತ ಕರೆಂಟು ಬಾಡಿಗೆದಾರರಿಗೂ ಸಿಗುವುದರಿಂದ ಹಿತ್ತಲ ಕೋಣೆಗೆ ಬೇರೆ ಮೀಟರು ಹಾಕಿಸಬೇಕೆಂದು ಕಾಯುತ್ತಿದ್ದ ಮನೆಗಳಿಗೆ ಇದು ಸಣ್ಣ ಸುದ್ದಿಯಲ್ಲ.

ಮದ್ದೂರು, ಮಳವಳ್ಳಿಗಳಲ್ಲಿ

ಇದೇ ಪಾಠವನ್ನು ಮದ್ದೂರಿನ ಒಂದು ಶಾಲೆಯಲ್ಲಿ ಮತ್ತೊಮ್ಮೆ ಮಾಡಿದೆ. ಅಲ್ಲಿ ಅರ್ಧ ಮಕ್ಕಳು ಸುತ್ತಲ ಹಳ್ಳಿಯವರು. ಅವರಿಗೆ ಬೇಕಾದದ್ದು 1993ರ ಪಂಚಾಯತ್ ರಾಜ್ ಅಧಿನಿಯಮ. ಅದರ 64ನೇ ಪ್ರಕರಣದಂತೆ ಹಳ್ಳಿಯಲ್ಲಿ ಕಟ್ಟಲು ಗ್ರಾಮ ಪಂಚಾಯಿತಿಯ ಅನುಮತಿ. ಕಾಗದಗಳೂ ಬೇರೆ: ಇ-ಸ್ವತ್ತಿನ ನಮೂನೆ 9, ನಮೂನೆ 11. ಪಟ್ಟಣದ ಮಕ್ಕಳಿಗೂ ಹಳ್ಳಿಯ ಮಕ್ಕಳಿಗೂ ಒಂದೊಂದು ಅರ್ಜಿ ಬರೆಸಿ ಅದಲು ಬದಲು ಮಾಡಿಸಿದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋದಮೇಲೆ ತಮ್ಮ ಚಿಕ್ಕಪ್ಪ ಹಳೇ ರಸ್ತೆಯ ಅಂಗಡಿ ಕೋಣೆಯನ್ನು ಮನೆ ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ ಎಂದು ಒಬ್ಬ ಹೇಳಿದ. ಕಟ್ಟದೆಯೂ ಬಳಕೆ ಬದಲಾಗಬಹುದು ಎಂಬ ಮಾತಿಗೆ ನಾನು ಹುಡುಕುತ್ತಿದ್ದ ಉದಾಹರಣೆ ಅದೇ. ಇಲ್ಲಿ ನಾನೇನೂ ಕೇಳಿರಲಿಲ್ಲ, ಅವನೇ ಹೇಳಿದ್ದು.

ಮಳವಳ್ಳಿಯಲ್ಲಿ ನನ್ನ ಸಹಪಾಠಿ ಇದೇ ಯೋಜನೆ ಬಳಸಿದಳು. ಅವಳಿಗೆ ಬಂದ ಪ್ರಶ್ನೆ ನನಗೆ ಹೊಳೆದಿರಲಿಲ್ಲ: ಹೊಲದಲ್ಲಿರುವ ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹುಳು ನಿಲ್ಲಿಸಿ ಜನ ವಾಸ ಮಾಡಬಹುದೇ? ಭೂ ಕಂದಾಯ ಅಧಿನಿಯಮದ 95ನೇ ಕಲಂ ಪ್ರಕಾರ ಬೇಸಾಯಕ್ಕೆ ಬೇಕಾದ ಕಟ್ಟಡವನ್ನು ರೈತ ತನ್ನ ಜಮೀನಿನಲ್ಲಿ ಕಟ್ಟಿಕೊಳ್ಳಬಹುದು. ಜಮೀನನ್ನು ಬೇರೆ ಉದ್ದೇಶಕ್ಕೆ ತಿರುಗಿಸಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ಅವಳು ಮಾರನೇ ದಿನ ನೋಡಿಕೊಂಡು ಬಂದು ಉತ್ತರ ಹೇಳಿದಳು. ಹಾಗೆ ‘ನಾಳೆ ಹೇಳ್ತೀನಿ’ ಎನ್ನುವ ಧೈರ್ಯ ನಮಗೆಲ್ಲ ಬರಬೇಕು.

ವಿಸ್ತರಣೆಯ ಹಂತಕ್ಕೆ ಕ್ಯಾಲಿಫೋರ್ನಿಯಾದ ಉದಾಹರಣೆ ತಗೊಂಡೆ. ಅಲ್ಲಿಯೂ ಮನೆಗಳ ಕೊರತೆ, ಅಲ್ಲಿಯೂ ಹಿತ್ತಲ ಮನೆಗಳನ್ನು ಊರು ಊರುಗಳು ತಡೆಯುತ್ತಿದ್ದವು. 2017ರಿಂದ, ಮತ್ತೆ 2020ರಿಂದ ರಾಜ್ಯವೇ ಕಾನೂನು ಬದಲಿಸಿತು. ನಾಲ್ಕಡಿ ಸೆಟ್‌ಬ್ಯಾಕ್ ಬಿಟ್ಟು 800 ಚದರ ಅಡಿಯವರೆಗಿನ ಮನೆಯನ್ನು ಹಿತ್ತಲಲ್ಲಿ ಕಟ್ಟಿದರೆ ಊರು ಇಲ್ಲವೆನ್ನುವಂತಿಲ್ಲ. ಅರ್ಜಿಯನ್ನು 60 ದಿನದಲ್ಲಿ ತೀರ್ಮಾನಿಸಬೇಕು. ‘ನಮ್ಮಲ್ಲೂ ಹಂಗೆ ಮಾಡಬೇಕೆ?’ ಎಂದು ಚರ್ಚೆಗೆ ಬಿಟ್ಟೆ. ಬೇಕು ಎಂದವರೇ ಹೆಚ್ಚು. ಬೇಡ ಎಂದ ಹುಡುಗಿಯ ಮಾತು ತೂಕದ್ದಾಗಿತ್ತು: ಚರಂಡಿ ಪೈಪು ಹಳೇದೇ, ನೀರು ಬಿಡುವುದು ಆಗೊಮ್ಮೆ ಈಗೊಮ್ಮೆ, ಮನೆ ಎರಡಾದರೆ ಆ ಪೈಪು ಏನು ಮಾಡಬೇಕು?

ನನ್ನ ಅಭಿಪ್ರಾಯವನ್ನು ತರಗತಿಯಲ್ಲಿ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಸಣ್ಣ ನಿವೇಶನದವರು ಒಂದು ಕೋಣೆ ಸೇರಿಸುವುದಕ್ಕೆ ಸರಳವಾದ ಬೇರೆ ದಾರಿ ನಮ್ಮಲ್ಲಿ ಬೇಕು. ಒಂದು ಪುಟದ ಅರ್ಜಿ, ಮೊದಲೇ ಒಪ್ಪಿದ ನಾಲ್ಕೈದು ಮಾದರಿ ನಕ್ಷೆ, ಕಡಿಮೆ ಶುಲ್ಕ. ಇಂಜಿನಿಯರ ಫೀಜೇ ಕೋಣೆಯ ಇಟ್ಟಿಗೆಯಷ್ಟಾದರೆ ಜನ ಗೂಟ ಹೊಡೆದೇ ಕಟ್ಟುತ್ತಾರೆ. ಹಾಗೆಂದು ನಾಲ್ಕಡಿ ಬಿಡುವುದೇ ಬೇಡ ಎನ್ನಲಾರೆ. ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ಮಧ್ಯಾಹ್ನವೂ ಲೈಟು ಹಾಕಬೇಕು.

ಮೌಲ್ಯಮಾಪನ

ಘಟಕ ಪರೀಕ್ಷೆಯಲ್ಲಿ ‘ನಾಲ್ಕು ಕಾರ್ಯ ಬರೆಯಿರಿ’ ಎಂಬ ಪ್ರಶ್ನೆ ಇಡಲಿಲ್ಲ. ಬದಲಿಗೆ ಒಂದು ನಿವೇಶನದ ಚಿತ್ರ ಕೊಟ್ಟು, ‘ಅಜ್ಜಿಗೊಂದು ಕೋಣೆ ಬೇಕು. ಎಲ್ಲಿ ಹಾಕುವಿರಿ, ಯಾರಿಗೆ ಅರ್ಜಿ ಕೊಡುವಿರಿ, ಅವರು ಬೇಡವೆಂದರೆ ಯಾವ ಕಾರಣಕ್ಕೆ ಬೇಡವೆನ್ನಬಹುದು?’ ಎಂದು ಕೇಳಿದೆ. 42ರಲ್ಲಿ 31 ಮಕ್ಕಳು ಕೋಣೆಯನ್ನು ಸರಿಯಾದ ಜಾಗದಲ್ಲಿ ಬರೆದರು. ಅರ್ಜಿಯ ವಿಳಾಸವನ್ನು 26 ಮಕ್ಕಳು ಸರಿಯಾಗಿ ಬರೆದರು. ಏಳು ಮಂದಿ ‘ಶಾಸಕರಿಗೆ’ ಎಂದು ಬರೆದಿದ್ದರು. ತಪ್ಪೆಂದು ಅಂಕ ಕಳೆದೆ, ಅವರ ಅನುಭವ ಹಾಗಿರಬಹುದು ಎಂದೂ ಅನ್ನಿಸಿತು. ಮೂರನೇ ಭಾಗವೇ ಕಷ್ಟವಾದದ್ದು. ಹೆಚ್ಚಿನವರು ‘ಲಂಚ ಕೊಡದಿದ್ದರೆ’ ಎಂಬ ಒಂದೇ ಕಾರಣ ಬರೆದರು. ಕಿಟಕಿ, ಬೆಂಕಿ, ಪಕ್ಕದ ಮನೆ ಎಂದು ಬರೆದವರು ಹನ್ನೊಂದು ಮಂದಿ ಮಾತ್ರ. ಈ ಭಾಗಕ್ಕೆ ಇನ್ನೊಂದು ಪೂರ್ತಿ ತರಗತಿ ಬೇಕಿತ್ತು.

ಆ ಹುಡುಗನ ತಾಯಿ ಒಂದು ದಿನ ಸಂಜೆ ಶಾಲೆಯ ಗೇಟಿನ ಹತ್ತಿರ ಕಾದಿದ್ದರು. ಮಗ ಮನೆಯಲ್ಲಿ ನೆಲದ ಮೇಲೆ ಗೆರೆ ಎಳೆದು ಏನೇನೋ ಹೇಳುತ್ತಾನೆ, ಈ ನೋಟಿಸಿಗೆ ಏನು ಮಾಡಬೇಕು ಎಂದು ಕಾಗದ ಬಿಚ್ಚಿದರು. ನಾನು ವಕೀಲಳಲ್ಲ, ಇಂಜಿನಿಯರಳಲ್ಲ. ಅದರಲ್ಲಿ ಉತ್ತರ ಕೊಡಲು ಕೊನೆಯ ದಿನ ಬರೆದಿತ್ತು, ಇನ್ನೂ ಐದು ದಿನ ಉಳಿದಿತ್ತು. ಸುಮ್ಮನಿರಬೇಡಿ, ಆ ದಿನದೊಳಗೆ ಲಿಖಿತವಾಗಿ ಉತ್ತರ ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ, ಹೋಗುವ ಮುನ್ನ ಪರವಾನಗಿ ಇರುವ ಇಂಜಿನಿಯರಿಗೆ ಒಮ್ಮೆ ಜಾಗ ತೋರಿಸಿ ಎಂದೆ. ಮಾರ್ಗದರ್ಶಿ ಶಿಕ್ಷಕಿಯವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ಸಲಹೆ ಸಿಗುತ್ತದೆ ಎಂದು ಸೇರಿಸಿದರು. ಆಕೆ ಅದನ್ನು ಮಗನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅವನ ಕೈಯಲ್ಲೇ ಬರೆಸಿಕೊಂಡರು.

ನನ್ನ ಪಾಠ ಯೋಜನೆಯ ತೊಡಗಿಸುವ ಹಂತದ ಪ್ರಶ್ನೆ ಈಗ ಹೀಗಿದೆ: ‘ಇದು ಯಾರದ್ದೂ ಅಲ್ಲದ ಒಂದು ನಿವೇಶನ. ಇಲ್ಲಿ ಒಂದು ಕೋಣೆ ಬೇಕು. ಟೇಪು ಯಾರು ಹಿಡೀತೀರಿ?’